ಕಟ್ಟುಗೊಡಗೆಯಿಂದ ಇಳಿಹರಾಜಿನವರೆಗೆ: ಕ್ಯಾತಗಾನಚೆರ್ಲುವಿನ ನೆಲದಲ್ಲಿ ಸರ್ಕಾರದ ಕರಾರು

೧

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಎಲ್ಲೆಯು ಬಹುಪಾಲು ಆಂಧ್ರದೇಶದ ನೆಲದೊಡನೆ ಹೊಂದಿಕೊಂಡಿದೆ. ಮಧುಗಿರಿ, ಸಿರಾ, ಕೊರಟಗೆರೆಗಳೊಡನೆ ಇದನ್ನು ಸೇರಿಸಿ ಹೇಳುವುದು ವಾಡಿಕೆಯಾದರೂ ಭೂಗುಣದಲ್ಲಿಯೂ ಜನರ ನುಡಿಯಲ್ಲಿಯೂ ಇದಕ್ಕೆ ಮಡಕಶಿರಾ, ಪೆನುಕೊಂಡೆಗಳ ಸೀಮೆಯ ಸಂಬಂಧವು ಹೆಚ್ಚು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಎಂದರೆ ಇಂದಿನ ಹೇಮಾವತಿ, ಇದರ ನೆರೆಯಲ್ಲಿಯೇ ಇದೆ. ಚೋಳವಂಶದವರೆಂದು ಹೇಳಿಕೊಂಡ ಅರಸರು ಆಳಿದ ನಿಡುಗಲ್ಲು ದುರ್ಗವು ಈ ತಾಲ್ಲೂಕಿನೊಳಗೇ ಇದೆ. ಮಳೆ ಕಡಮೆ, ನೆಲ ಕಲ್ಲುಭೂಮಿ, ಬೆಳೆ ಹೆಚ್ಚಾಗಿ ಕಡಲೆಕಾಯಿ. ಉತ್ತರ ಪಿನಾಕಿನಿಯು ಈ ಸೀಮೆಯಲ್ಲಿ ಹರಿಯುವುದಾದರೂ ವರ್ಷದ ಬಹುಕಾಲ ಅದರಲ್ಲಿ ಮರಳೇ ಕಾಣುತ್ತದೆ.

ಈ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ಕ್ಯಾತಗಾನಚೆರ್ಲು ಎಂಬ ಗ್ರಾಮವುಂಟು. ಹೆಸರಿನ ಮೊದಲ ಭಾಗವು ವ್ಯಕ್ತಿನಾಮದಂತೆ ತೋರುತ್ತದೆ. ಕೊನೆಯ ಭಾಗದಲ್ಲಿ ತೆಲುಗಿನ ‘ಚೆರುವು’ ಎಂಬ ಮಾತು ಅಡಗಿರುವಂತಿದೆ. ಚೆರುವು ಎಂದರೆ ಕೆರೆ. ನೆರೆಯ ರಾಯಚೆರ್ಲುವಿನ ಹೆಸರೂ ಇದೇ ಮಾದರಿಯದು. ನೀರಿಲ್ಲದ ಸೀಮೆಯಲ್ಲಿ ಊರಿಗೆ ಕೆರೆಯ ಹೆಸರು ಬರುವುದು ಸಹಜ. ಅಂಥ ನಾಡಿನಲ್ಲಿ ಊರು ಹುಟ್ಟುವುದು ಯಾರೋ ಒಬ್ಬನು ಏರಿ ಹಾಕಿಸಿ ನೀರು ನಿಲ್ಲಿಸಿದ ಮೇಲೆಯೇ.

ಇಂದು ಈ ಊರಿನ ಹೆಸರು ಸರ್ಕಾರದ ಕಡತಗಳಲ್ಲಿ ಬರುವುದು ಕೆರೆಯ ಕಾರಣದಿಂದಲ್ಲ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಗ್ರಾಮಗಳಿಗೆ ಸೇರಿದ ಸುಮಾರು ೧೩,೦೦೦ ಎಕರೆ ನೆಲದ ಮೇಲೆ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವೊಂದು ನಿಂತಿದೆ. ಇದರ ಮೊದಲ ೬೦೦ ಮೆಗಾವಾಟ್ ಭಾಗವನ್ನು ೨೦೧೮ನೆಯ ಮಾರ್ಚಿ ೧ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉದ್ಘಾಟಿಸಿದರು; ೨೦೧೯ರ ಡಿಸೆಂಬರಿನಲ್ಲಿ ಇಡಿಯ ಕ್ಷೇತ್ರವು ಪೂರ್ಣವಾಯಿತು. ಇದಕ್ಕಾಗಿ ಸರ್ಕಾರದ ಸಂಸ್ಥೆಗಳು ಎರಡು ಬಗೆಯ ಕರಾರುಗಳನ್ನು ಮಾಡಿಕೊಳ್ಳಬೇಕಾಯಿತು: ನೆಲವನ್ನು ಕೊಡುವ ರೈತರೊಡನೆ ಒಂದು, ವಿದ್ಯುತ್ತನ್ನು ಒದಗಿಸುವ ಕಂಪನಿಗಳೊಡನೆ ಮತ್ತೊಂದು. ರಾಜ್ಯವು ತನಗೆ ಬೇಕಾದ ಕೆಲಸಕ್ಕೆ ಜನರನ್ನು ಆಯುವುದು ಹೇಗೆ, ಅವರೊಡನೆ ಬರೆದುಕೊಂಡ ಪತ್ರದಲ್ಲಿ ನಷ್ಟದ ಭಾರವನ್ನು ಯಾರ ಮೇಲೆ ಇಡುತ್ತದೆ ಎಂಬ ಪ್ರಶ್ನೆಯು ಹಳೆಯದು. ಅದರ ಚರಿತ್ರೆಯನ್ನು ಈ ಒಂದು ನೆಲದ ಮೇಲಿಟ್ಟು ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ.

೨

ಸಾರ್ವಜನಿಕ ಕಾರ್ಯವನ್ನು ರಾಜ್ಯವು ತಾನೇ ಮಾಡದೆ ಪ್ರಜೆಯಿಂದ ಮಾಡಿಸಿ ಅದಕ್ಕೆ ಪ್ರತಿಫಲವನ್ನು ಗೊತ್ತುಪಡಿಸುವ ಪದ್ಧತಿಗೆ ಅತಿ ಪ್ರಾಚೀನವಾದ ಶಾಸ್ತ್ರಾಧಾರವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೊರೆಯುತ್ತದೆ. ಈ ಗ್ರಂಥವು ಬೆಳಕಿಗೆ ಬಂದದ್ದು ಮೈಸೂರಿನಲ್ಲಿ, ಆರ್. ಶಾಮಶಾಸ್ತ್ರಿಗಳವರ ಪರಿಶ್ರಮದಿಂದ, ಮೂಲವು ಅಚ್ಚಾದದ್ದು ೧೯೦೯ರಲ್ಲಿ. ಹೊಸದಾಗಿ ಕೆರೆಕಟ್ಟೆಗಳನ್ನು ಕಟ್ಟಿಸಿದವನಿಗೆ ಐದು ವರ್ಷ, ಒಡೆದು ಪಾಳುಬಿದ್ದುದನ್ನು ಸರಿಪಡಿಸಿದವನಿಗೆ ನಾಲ್ಕು ವರ್ಷ, ಹೂಳು ಗಿಡಗಂಟಿಗಳು ಮುಚ್ಚಿದ್ದುದನ್ನು ತೆಗೆಸಿದವನಿಗೆ ಮೂರು ವರ್ಷ ಕಂದಾಯದ ಮಾಫಿ ಎಂದು ಅದರಲ್ಲಿ ವಿಧಿಸಿದೆ. ಇಲ್ಲಿ ಗಮನಿಸತಕ್ಕದ್ದು ಎರಡು ಅಂಶ. ರಾಜನು ಬೊಕ್ಕಸದಿಂದ ಹಣವನ್ನು ಎಣಿಸಿ ಕೊಡುವುದಿಲ್ಲ, ಬರಬೇಕಾದುದನ್ನು ಬಿಡುತ್ತಾನೆ. ಕೆಲಸದ ಕಷ್ಟವು ಹೆಚ್ಚಿದಂತೆ ಮಾಫಿಯ ಕಾಲವೂ ಹೆಚ್ಚುತ್ತದೆ.

ಕನ್ನಡ ಶಾಸನಗಳಿಗೆ ಬಂದರೆ ಈ ಭಾವವು ಬೇರೊಂದು ರೂಪವನ್ನು ತಾಳಿರುವುದು ಕಾಣುತ್ತದೆ. ಕೆರೆಗೊಡಗೆ, ಕಟ್ಟುಗೊಡಗೆ, ಬಿತ್ತುವಟ್ಟ, ದಸವಂದ ಎಂಬ ಮಾತುಗಳು ಶಾಸನಗಳನ್ನು ಓದುವವರಿಗೆ ಚಿರಪರಿಚಿತವಾದವು. ಇವುಗಳಲ್ಲಿ ಬಿತ್ತುವಟ್ಟವು ಕೆರೆಯ ಪೋಷಣೆಗಾಗಿ ಬಿಟ್ಟ ದತ್ತಿ. ಕಟ್ಟುಗೊಡಗೆಯು ಕೆರೆಯನ್ನು ಕಟ್ಟಿದವನಿಗೆ ಅಥವಾ ದುರಸ್ತು ಮಾಡಿದವನಿಗೆ ಕಡಮೆ ತೆರಿಗೆಯ ಮೇಲೆ ಕೊಟ್ಟ ಭೂಮಿ. ದಸವಂದವು ಹೆಸರೇ ಹೇಳುವಂತೆ ಹತ್ತರಲ್ಲಿ ಒಂದು ಪಾಲು: ಕೆರೆ ಕಟ್ಟಿಸಿದವನಿಗೆ ಆ ಕೆರೆಯ ಕೆಳಗಣ ಗದ್ದೆಯಲ್ಲಿ ಸಲ್ಲುವ ಭಾಗ. ಹೆಸರು ಹತ್ತನೆಯ ಪಾಲೆಂದಿದ್ದರೂ ವಾಸ್ತವವಾದ ಪ್ರಮಾಣವು ಊರಿಂದೂರಿಗೆ ಬೇರೆಯಾಗುತ್ತಿತ್ತು. ಪಾವಗಡದ ಸುತ್ತಲಿನ ಅನಂತಪುರ, ಕಡಪ ಸೀಮೆಗಳಲ್ಲಿ ಈ ಪದ್ಧತಿಯು ಬಹುಕಾಲ ಬಾಳಿ, ಇಂಗ್ಲಿಷರ ಕಾಲದ ಇನಾಮು ದಾಖಲೆಗಳಲ್ಲಿ ‘ದಶಬಂಧಂ ಇನಾಂ’ ಎಂಬ ಹೆಸರಿನಿಂದ ಸೇರಿತು. ಇನಾಮುದಾರನು ಕೆರೆಯನ್ನು ಸುಸ್ಥಿತಿಯಲ್ಲಿಟ್ಟಿರಬೇಕೆಂಬುದು ಅದರ ಷರತ್ತು. ತಪ್ಪಿದರೆ ಇನಾಮಿಗೆ ಧಕ್ಕೆ.

ಈ ಏರ್ಪಾಡಿನ ತಿರುಳನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೆರೆಯಲ್ಲಿ ನೀರು ನಿಂತರೆ ಕಟ್ಟಿಸಿದವನ ಗದ್ದೆಯೂ ಬೆಳೆಯುತ್ತದೆ. ಏರಿ ಒಡೆದರೆ ಊರಿನ ಪೈರಿನೊಡನೆ ಅವನ ಪೈರೂ ಹೋಗುತ್ತದೆ. ಮೇಲ್ವಿಚಾರಣೆಗೆ ಪ್ರತ್ಯೇಕವಾಗಿ ಅಧಿಕಾರಿಯನ್ನು ನೇಮಿಸಬೇಕಾದ ಅಗತ್ಯವು ಬಹಳ ಕಡಮೆ. ಏತಕ್ಕೆಂದರೆ ಪ್ರತಿಫಲವೇ ಮೇಲ್ವಿಚಾರಕನ ಕೆಲಸವನ್ನು ಮಾಡುತ್ತದೆ. ಆಯ್ಕೆಯ ವಿಷಯದಲ್ಲಿ ಮಾತ್ರ ಇದು ಸಂಕುಚಿತವಾದ ಪದ್ಧತಿಯೇ ಸರಿ. ಗೌಡನೋ ಸೆಟ್ಟಿಯೋ ದಂಡನಾಯಕನೋ, ಧನವೂ ಆಳುಬಲವೂ ಉಳ್ಳವನೇ ಕೆರೆ ಕಟ್ಟಿಸಬಲ್ಲವನಾಗಿದ್ದನು. ಮತ್ತೊಬ್ಬನು ಇದೇ ಕೆಲಸವನ್ನು ಕಡಮೆ ಪಾಲಿಗೆ ಮಾಡಿಯಾನೇ ಎಂದು ಕೇಳಿನೋಡುವ ಕ್ರಮವಿರಲಿಲ್ಲ.

ಇಂಥ ಕಾರ್ಯದ ಗಾತ್ರವೆಷ್ಟೆಂಬುದನ್ನು ತಿಳಿಸುವ ಶಾಸನವೊಂದು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿದೆ. ವಿಜಯನಗರದ ರಾಜಕುಮಾರ ಭಾಸ್ಕರನು ಕಟ್ಟಿಸಿದ ಅಲ್ಲಿನ ಕೆರೆಯ ವಿಷಯವನ್ನು ಹೇಳುವ ಈ ಸಂಸ್ಕೃತ ಶಾಸನದ ಕಾಲ ಕ್ರಿ. ಶ. ೧೩೬೯. ಪ್ರತಿದಿನವೂ ಸಾವಿರ ಆಳುಗಳು, ಕಲ್ಲು ಸಾಗಿಸಲು ನೂರು ಬಂಡಿಗಳು ದುಡಿದು, ಎರಡು ವರ್ಷಗಳಲ್ಲಿ ಕೆಲಸವು ಮುಗಿಯಿತೆಂದು ಅದು ತಿಳಿಸುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಬೇಕಾದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಅಂಗಗಳಲ್ಲಿ ಧರ್ಮಿಷ್ಠನೂ ಧನಿಕನೂ ಆದ ಪ್ರಭುವನ್ನು, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸನನ್ನು, ನುರಿತ ಕೆಲಸಗಾರರನ್ನು ಸೇರಿಸಿದೆ. ಇಂದಿನ ಟೆಂಡರು ಪತ್ರಗಳಲ್ಲಿ ಅರ್ಹತೆಯ ಷರತ್ತುಗಳೆಂದು ಬರೆಯುವುದರ ಹಳೆಯ ರೂಪವು ಇದೇ: ಹಣದ ಶಕ್ತಿ, ವಿದ್ಯೆಯ ಶಕ್ತಿ, ಅನುಭವದ ಶಕ್ತಿ.

೩

ಕೆರೆಯ ಕರಾರಿಗೆ ಕೊಡಗೆ ಎಂದು ಹೆಸರಾದರೆ, ಹಣದ ಕರಾರಿಗೆ ಗುತ್ತಗೆ ಎಂದು ಹೆಸರು. ತೆಲುಗಿನ ‘ಗುತ್ತ’, ತಮಿಳಿನ ‘ಕುತ್ತಗೈ’ ಇದರ ಬಳಗದವು. ಇಷ್ಟು ಹಣವನ್ನು ಕೊಡುತ್ತೇನೆಂದು ಗೊತ್ತುಮಾಡಿಕೊಂಡು ಒಂದು ಊರಿನ, ಸುಂಕದ ಅಥವಾ ಭೂಮಿಯ ಉತ್ಪತ್ತಿಯನ್ನು ಅನುಭವಿಸುವುದೇ ಗುತ್ತಗೆ. ಮೈಸೂರು ಸೀಮೆಯ ಕಂದಾಯದ ಮಾತುಗಳಲ್ಲಿ ‘ಕಟ್ಟುಗುತ್ತಗೆ’ಯೆಂದರೆ ಎಂದಿಗೂ ಮಾರ್ಪಡದ ಗುತ್ತಗೆ. ‘ಶ್ರಾಯ’ವೆಂದರೆ ಬಂಜರು ನೆಲವನ್ನು ಸಾಗುವಳಿಗೆ ತರುವವನಿಗೆ ಮೊದಲ ವರ್ಷ ಅಲ್ಪ ತೆರಿಗೆಯನ್ನು ಹಾಕಿ, ವರ್ಷವರ್ಷಕ್ಕೂ ಏರಿಸುತ್ತ ಹೋಗಿ ಕೆಲವು ವರ್ಷಗಳಲ್ಲಿ ಪೂರ್ತಿ ಕಂದಾಯಕ್ಕೆ ತಂದು ನಿಲ್ಲಿಸುವ ಏರ್ಪಾಡು. ಬೆಲೆಯನ್ನು ಕಾಲಕ್ಕೆ ತಕ್ಕಂತೆ ಮೆಟ್ಟಿಲುಮೆಟ್ಟಿಲಾಗಿ ಏರಿಸುವ ವಿಧಿಯು ಈ ನಾಡಿಗೆ ಹೊಸದಲ್ಲವೆಂಬುದಕ್ಕೆ ಈ ಒಂದು ಮಾತೇ ಸಾಕ್ಷಿ.

ಸಿರಾವು ೧೬೮೭ರಿಂದ ಮೊಗಲರ ಸುಬಾದ ಮುಖ್ಯಪಟ್ಟಣವಾದ ಮೇಲೆ ಈ ಸೀಮೆಯ ಕರಾರಿನ ಭಾಷೆಗೆ ಹೊಸ ಮಾತುಗಳು ಧಾರಾಳವಾಗಿ ಸೇರಿಕೊಂಡವು. ಕರಾರು, ಇಜಾರ, ಜಾಮೀನು, ಕಬೂಲಾತಿ, ಷರತ್ತು ಮೊದಲಾದವು ಪಾರಸಿ ಅರಬ್ಬಿಗಳ ಮೂಲಕ ಬಂದವು. ಮುಚ್ಚಳಿಕೆಯು ತುರ್ಕಿ ಮೂಲದ್ದು. ಹರಾಜು ಎಂಬುದು ಅರಬ್ಬಿ ಮಾತು. ಉತ್ತರ ಕರ್ಣಾಟಕದಲ್ಲಿ ಅದೇ ಅರ್ಥಕ್ಕೆ ಬಳಸುವ ಲಿಲಾವು ಪೋರ್ಚುಗೀಸರಿಂದ ಬಂದುದು. ತಮಿಳಿನ ನೆರೆಯಲ್ಲಿ ಕೇಳುವ ಏಲಮ್ಮೂ ಅದರ ಸೋದರ. ಹರಾಜಿನಲ್ಲಿ ಬೆಲೆ ಕೂಗುವುದಕ್ಕೆ ‘ಸವಾಲು’ ಎನ್ನುತ್ತಾರೆ. ಅರಬ್ಬಿಯಲ್ಲಿ ಅದಕ್ಕೆ ಪ್ರಶ್ನೆ ಎಂದರ್ಥ. ಇಷ್ಟಕ್ಕಿಂತ ಹೆಚ್ಚಿಗೆ ಕೊಡುವವರುಂಟೇ ಎಂಬ ಪ್ರಶ್ನೆಯೇ ಬೆಲೆಯ ಹೆಸರಾಯಿತೆಂದು ಊಹಿಸಲು ಅವಕಾಶವುಂಟು. ಕೊಡಗೆಯ ಲೋಕದಲ್ಲಿ ಈ ಪ್ರಶ್ನೆಯಿರಲಿಲ್ಲ. ಹರಾಜಿನ ಲೋಕದಲ್ಲಿ ಪ್ರಶ್ನೆಯೇ ಮುಖ್ಯವಾಯಿತು.

ಈ ಪ್ರಶ್ನೆಯನ್ನು ಮಿತಿಮೀರಿ ಕೇಳಿದರೆ ಏನಾಗುವುದೆಂಬುದನ್ನು ಮೈಸೂರು ಸಂಸ್ಥಾನವು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಕಂಡಿತು. ಮುಮ್ಮಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ ‘ಷರತ್ತು’ ಎಂಬ ಪದ್ಧತಿ ಬಳಕೆಯಲ್ಲಿತ್ತು. ತಾಲ್ಲೂಕಿನ ಅಮಲ್ದಾರನು ಇಂತಿಷ್ಟು ಹಣವನ್ನು ಎತ್ತಿ ಕೊಡುವುದಾಗಿ ಒಪ್ಪಿ ಬರೆದುಕೊಡುವನು. ಎತ್ತುವಳಿಯು ಹೆಚ್ಚಾದರೆ ಹೆಚ್ಚಿನ ಹಣವು ಸರ್ಕಾರಕ್ಕೆ, ಕಡಮೆಯಾದರೆ ಕಡಮೆಯಾದಷ್ಟನ್ನು ಅವನೇ ತುಂಬಿಕೊಡಬೇಕು. ಕಾಗದದ ಮೇಲೆ ಇದು ಸರ್ಕಾರಕ್ಕೆ ಎಳ್ಳಷ್ಟೂ ನಷ್ಟವಿಲ್ಲದ ಕರಾರು. ಆದರೆ ಅಮಲ್ದಾರನು ತನ್ನ ನಷ್ಟವನ್ನು ರೈತನ ಕಣಜದಿಂದ ತುಂಬಿಕೊಳ್ಳುತ್ತಿದ್ದನು. ಇದರಿಂದುಂಟಾದ ಸಂಕಟವು ೧೮೩೦-೩೧ರ ನಗರದ ದಂಗೆಗೆ ಒಂದು ಮುಖ್ಯ ಕಾರಣವಾಯಿತು. ೧೮೩೧ರಲ್ಲಿ ಆಡಳಿತವು ಇಂಗ್ಲಿಷರ ಕೈಗೆ ಹೋಯಿತು. ದಂಗೆಯ ಕಾರಣಗಳನ್ನು ವಿಚಾರಿಸಲು ಕೂಡಿದ ಸಮಿತಿಯು ೧೮೩೩ರಲ್ಲಿ ಕೊಟ್ಟ ವರದಿಯಲ್ಲಿ ಈ ಪದ್ಧತಿಯ ದೋಷಗಳು ವಿಸ್ತಾರವಾಗಿ ಬಂದಿವೆ. ಸರ್ಕಾರವು ತನ್ನ ಮೇಲಿನ ಅಪಾಯವನ್ನು ಪೂರ್ತಿಯಾಗಿ ಎದುರು ಪಕ್ಷದವನ ಮೇಲೆ ಹೊರಿಸಿದರೆ ಆ ಅಪಾಯವು ಮಾಯವಾಗುವುದಿಲ್ಲ; ಕರಾರಿನಲ್ಲಿ ರುಜು ಹಾಕದೆ ಇರುವ ಮೂರನೆಯವನ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಈ ಸಂಗತಿಯನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

೪

ಇಂಗ್ಲಿಷರ ಆಡಳಿತದಲ್ಲಿ ಕೆರೆಗಳ ದುರಸ್ತು ಮರಾಮತ್ತಿನ ಕೈಯಿಂದ ಪಬ್ಲಿಕ್ ವರ್ಕ್ಸ್ ಇಲಾಖೆಗೆ ಬಂದಿತು. ಮೈಸೂರಿನ ಚೀಫ್ ಇಂಜಿನಿಯರಾಗಿದ್ದ ಸ್ಯಾಂಕಿಯವರು ಈ ಸೀಮೆಯಲ್ಲಿ ಕೆರೆಗಳು ಎಷ್ಟು ಒತ್ತೊತ್ತಾಗಿವೆಯೆಂದರೆ ಹೊಸ ಕೆರೆಗೆ ಸ್ಥಳ ಹುಡುಕುವುದಕ್ಕೇ ಜಾಣತನ ಬೇಕು ಎಂಬ ಅಭಿಪ್ರಾಯವನ್ನು ಬರೆದಿಟ್ಟಿದ್ದಾರೆ. ಅಷ್ಟು ಕೆರೆಗಳನ್ನು ಕಟ್ಟಿದ್ದ ಕೊಡಗೆಯ ಪದ್ಧತಿಯು ಹಿಂದಾಗಿ, ಅಂದಾಜುಪಟ್ಟಿ, ದರಪಟ್ಟಿ, ಕಂಟ್ರಾಕ್ಟು, ಅಳತೆಪುಸ್ತಕ, ಬಿಲ್ಲು ಎಂಬ ಹೊಸ ಸಾಮಗ್ರಿಗಳು ಮುಂದೆ ಬಂದವು. ೧೮೭೨ರ ಕರಾರು ಕಾಯಿದೆಯು ಪ್ರಸ್ತಾಪ, ಸ್ವೀಕಾರ, ಪ್ರತಿಫಲ, ಭಂಗ, ನಷ್ಟಪರಿಹಾರಗಳಿಗೆ ನಿಶ್ಚಿತವಾದ ಲಕ್ಷಣಗಳನ್ನು ಕೊಟ್ಟಿತು. ಮುಚ್ಚಿದ ಲಕೋಟೆಯಲ್ಲಿ ದರವನ್ನು ಬರೆದು ಕೊಡುವ ಟೆಂಡರು ಸಾಮಾನ್ಯವಾಯಿತು. ಇದರಿಂದ ಆಯ್ಕೆಯ ಬಾಗಿಲು ಅಗಲವಾಯಿತು. ಊರಿನ ಪ್ರಭುವೇ ಆಗಬೇಕೆಂಬುದಿಲ್ಲ, ಠೇವಣಿ ಕಟ್ಟಬಲ್ಲ ಯಾವನಾದರೂ ಆಗಬಹುದು. ಆದರೆ ಕಂಟ್ರಾಕ್ಟರನ ಸಂಬಂಧವು ಕೊನೆಯ ಬಿಲ್ಲಿನೊಡನೆ ಮುಗಿಯುತ್ತದೆ. ಏರಿಯು ಹತ್ತು ವರ್ಷಗಳ ಮೇಲೆ ಒಡೆದರೆ ಅವನ ಪೈರು ಹೋಗುವುದಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಮೈಸೂರು ಸರ್ಕಾರದವರು ಮಾಡಿಕೊಂಡ ಮೊದಲ ದೊಡ್ಡ ಕರಾರುಗಳು ಶಿವನಸಮುದ್ರಕ್ಕೆ ಸಂಬಂಧಿಸಿದವು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ಇಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್‌ರವರು ಯೂರೋಪು ಅಮೆರಿಕಗಳಲ್ಲಿ ಸಂಚರಿಸಿ ತಯಾರಕರನ್ನು ವಿಚಾರಿಸಿಕೊಂಡು ಬಂದರು. ವಿದ್ಯುದ್ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವರೂ ನೀರಿನ ಟರ್ಬೈನುಗಳನ್ನು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯವರೂ ಒದಗಿಸಿದರು. ಉತ್ಪನ್ನವಾದ ಶಕ್ತಿಯನ್ನು ಕೊಳ್ಳುವುದಾಗಿ ಕೋಲಾರದ ಚಿನ್ನದ ಗಣಿಗಳ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಜಾನ್ ಟೇಲರ್ ಸನ್ಸ್‌ರವರೊಡನೆ ಮೊದಲೇ ಒಡಂಬಡಿಕೆಯಾಯಿತು. ೧೯೦೨ರಲ್ಲಿ ಸುಮಾರು ೯೨ ಮೈಲಿ ದೂರದ ತಂತಿಯ ಮೂಲಕ ಗಣಿಗಳಿಗೆ ವಿದ್ಯುತ್ತು ಹರಿಯಿತು. ಇಲ್ಲಿ ಸರ್ಕಾರವು ಮಾರುವ ಪಕ್ಷ, ಕಂಪನಿಯು ಕೊಳ್ಳುವ ಪಕ್ಷ. ಕೊಳ್ಳುವವನು ಮೊದಲು ಗೊತ್ತಾದ ಮೇಲೆಯೇ ಯಂತ್ರಗಳಿಗೆ ಹಣ ಹಾಕಿದ್ದು ಈ ಕರಾರಿನ ವಿವೇಕ. ಪಾವಗಡದಲ್ಲಿ ಇದೇ ವಿವೇಕವು ಮರಳಿ ಕಾಣಿಸಿಕೊಂಡಿತು. ಪಕ್ಷಗಳು ಮಾತ್ರ ಅದಲುಬದಲಾದವು.

ಸ್ವಾತಂತ್ರ್ಯಾನಂತರ ಸರ್ಕಾರದ ಕೊಳ್ಳುವಿಕೆಯನ್ನು ಬಹುಕಾಲ ಇಲಾಖೆಯ ಸಂಹಿತೆಗಳೂ ಆಜ್ಞೆಗಳೂ ನಡೆಸಿದವು. ‘ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ೧೯೯೯’ ಎಂಬ ಶಾಸನದಿಂದ ಈ ವಿಷಯಕ್ಕೆ ವಿಧಾನಮಂಡಲದ ಕಾಯಿದೆಯ ಬಲ ಬಂದಿತು. ಅದರ ನಿಯಮಗಳು ೨೦೦೦ದಲ್ಲಿ ಹೊರಟವು. ಟೆಂಡರನ್ನು ಕರೆಯುವ ಅಧಿಕಾರಿ ಬೇರೆ, ಒಪ್ಪುವ ಅಧಿಕಾರಿ ಬೇರೆ. ಪ್ರಕಟನೆಗೆ ಟೆಂಡರ್ ಬುಲೆಟಿನ್. ಮೂಲ ನಿಯಮಗಳಂತೆ ಎರಡು ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ ೩೦ ದಿವಸ, ಅದಕ್ಕೆ ಮೇಲ್ಪಟ್ಟುದಕ್ಕೆ ೬೦ ದಿವಸ ವಾಯಿದೆ. ತೀರ್ಮಾನದಿಂದ ನೊಂದವನಿಗೆ ಅಪೀಲಿನ ಹಕ್ಕು. ಪೋರುಮಾಮಿಳ್ಳದ ಶಾಸನವು ಗುಣಗಳನ್ನು ಎಣಿಸಿತು. ಈ ಕಾಯಿದೆಯು ಕ್ರಮವನ್ನು ಎಣಿಸಿತು. ಆಯ್ದವನು ಯೋಗ್ಯನೇ ಎಂಬುದರೊಡನೆ, ಆಯ್ದ ರೀತಿಯು ಎಲ್ಲರಿಗೂ ಕಾಣುವಂತಿತ್ತೇ ಎಂಬುದೂ ಪ್ರಶ್ನೆಯಾಯಿತು.

ವಿದ್ಯುತ್ತಿನ ಕೊಳ್ಳುವಿಕೆಗೆ ೨೦೦೩ರ ವಿದ್ಯುಚ್ಛಕ್ತಿ ಅಧಿನಿಯಮದ ೬೩ನೆಯ ಪ್ರಕರಣವು ಬೇರೊಂದು ದಾರಿಯನ್ನು ತೆರೆಯಿತು. ಪಾರದರ್ಶಕವಾದ ಸ್ಪರ್ಧೆಯಿಂದ ಗೊತ್ತಾದ ದರವನ್ನು ವಿದ್ಯುಚ್ಛಕ್ತಿ ಆಯೋಗವು ಅಂಗೀಕರಿಸಬೇಕೆಂಬುದು ಅದರ ತಾತ್ಪರ್ಯ. ಇದರಂತೆ ನಡೆಯುವ ಸ್ಪರ್ಧೆಯೇ ಇಳಿಹರಾಜು. ಹಳೆಯ ಹರಾಜಿನಲ್ಲಿ ಸವಾಲು ಏರುತ್ತದೆ, ಇದರಲ್ಲಿ ಇಳಿಯುತ್ತದೆ. ಯೂನಿಟ್ಟೊಂದನ್ನು ಎಲ್ಲರಿಗಿಂತ ಕಡಮೆ ಬೆಲೆಗೆ ಕೊಡುವೆನೆಂದವನಿಗೆ ಕೆಲಸ.

೫

ಪಾವಗಡದ ಕ್ಷೇತ್ರವನ್ನು ಸಿದ್ಧಪಡಿಸಲು ೨೦೧೫ರ ಮಾರ್ಚಿಯಲ್ಲಿ ಕರ್ನಾಟಕ ಸೌರಶಕ್ತಿ ಅಭಿವೃದ್ಧಿ ನಿಗಮವು ಸ್ಥಾಪಿತವಾಯಿತು. ಕೇಂದ್ರದ ಭಾರತೀಯ ಸೌರಶಕ್ತಿ ನಿಗಮ, ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ, ಇವೆರಡರ ಜಂಟಿ ಸಂಸ್ಥೆಯಿದು. ನೆಲವನ್ನು ಒದಗಿಸುವುದು, ದಾರಿ, ಉಪಕೇಂದ್ರ ಮೊದಲಾದುವನ್ನು ಏರ್ಪಡಿಸುವುದು ಇದರ ಕೆಲಸ. ನೆಲವನ್ನು ಭೂಸ್ವಾಧೀನದ ಕಾಯಿದೆಯಿಂದ ವಶಪಡಿಸಿಕೊಳ್ಳದೆ ಗುತ್ತಗೆಗೆ ಪಡೆದುದು ಇಲ್ಲಿನ ವಿಶೇಷ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ, ೨೮ ವರ್ಷಗಳ ಅವಧಿ ಎಂಬುದು ಷರತ್ತು. ಭೂಮಿಯ ಒಡೆತನವು ರೈತನಲ್ಲಿಯೇ ಉಳಿಯುತ್ತದೆ.

ಇದರಲ್ಲಿ ಚರಿತ್ರೆಯ ದೃಷ್ಟಿಯಿಂದ ಒಂದು ತಿರುವುಂಟು. ೧೯೬೧ರ ಭೂಸುಧಾರಣಾ ಶಾಸನಕ್ಕೆ ೧೯೭೪ರಲ್ಲಿ ಬಂದ ತಿದ್ದುಪಡಿಯು ಗೇಣಿಯನ್ನು ತೆಗೆದುಹಾಕಿ ಉಳುವವನನ್ನೇ ಒಡೆಯನನ್ನಾಗಿ ಮಾಡಿತು. ನಾಲ್ಕು ದಶಕಗಳ ಮೇಲೆ ಅದೇ ಒಡೆಯನು ಉಳುಮೆಯನ್ನು ಬಿಟ್ಟು ನೆಲವನ್ನು ಗುತ್ತಗೆಗೆ ಕೊಡುವವನಾದನು. ಗುತ್ತಗೆದಾರನು ಸರ್ಕಾರದ ಸಂಸ್ಥೆಯಾಯಿತು. ಕಡಲೆಕಾಯಿ ಕೈಗೆ ಹತ್ತದ ವರ್ಷಗಳನ್ನೇ ಹೆಚ್ಚಾಗಿ ಕಂಡ ಒಕ್ಕಲಿಗನಿಗೆ ಮಳೆ ಬಂದರೂ ಬಾರದಿದ್ದರೂ ಸಲ್ಲುವ ಹಣವು ಸಣ್ಣ ಸಂಗತಿಯಲ್ಲ. ಬಾವಿ ತೋಡಿಸಿ ಸಾಲದಲ್ಲಿ ಮುಳುಗುವ ಭಯವೂ ಅಷ್ಟರಮಟ್ಟಿಗೆ ತಪ್ಪಿತು.

ನೆಲದ ಕರಾರು ಎಲ್ಲರಿಗೂ ಒಂದೇ ದರದಲ್ಲಿ ಆಯಿತು. ವಿದ್ಯುತ್ತಿನ ಕರಾರು ಸ್ಪರ್ಧೆಯಲ್ಲಿ ಆಯಿತು. ೨೦೧೬ರಲ್ಲಿ ರಾಷ್ಟ್ರೀಯ ಶಾಖೋತ್ಪನ್ನ ವಿದ್ಯುತ್ ನಿಗಮದವರು ನಡೆಸಿದ ಇಳಿಹರಾಜಿನಲ್ಲಿ ಫಿನ್‌ಲೆಂಡಿನ ಫೋರ್ಟಮ್ ಕಂಪನಿಯು ಯೂನಿಟ್ಟಿಗೆ ೪ ರೂಪಾಯಿ ೭೯ ಪೈಸೆಯಂತೆ ೧೦೦ ಮೆಗಾವಾಟನ್ನು ಪಡೆಯಿತು. ಅದೇ ಕಂಪನಿಯು ಅದೇ ಪಾವಗಡದಲ್ಲಿ ೨೦೧೮ರಲ್ಲಿ ೨೫೦ ಮೆಗಾವಾಟನ್ನು ಪಡೆದುದು ೨ ರೂಪಾಯಿ ೮೫ ಪೈಸೆಗೆ. ಎರಡು ದರಗಳೂ ೨೫ ವರ್ಷಗಳ ಕಾಲ ಸ್ಥಿರವಾದವು. ಎರಡು ವರ್ಷಗಳಲ್ಲಿ ಬೆಲೆ ಇಷ್ಟು ಇಳಿಯಲು ಲೋಕದ ಪೇಟೆಯಲ್ಲಿ ಫಲಕಗಳ ಬೆಲೆ ಕುಸಿದುದು ಒಂದು ಕಾರಣ. ನೆಲ, ದಾರಿ, ತಂತಿಗಳ ಚಿಂತೆಯನ್ನು ಸರ್ಕಾರದ ಸಂಸ್ಥೆಯು ಮುಂದಾಗಿ ವಹಿಸಿಕೊಂಡದ್ದು ಮತ್ತೊಂದು. ಷರತ್ತು ಪದ್ಧತಿಯ ಅಮಲ್ದಾರರಂತೆ ಎಲ್ಲ ಅಪಾಯವನ್ನೂ ಗುತ್ತಗೆದಾರನ ಮೇಲೆ ಹೊರಿಸದೆ, ತಾನು ಹೊರಬಲ್ಲುದನ್ನು ಸರ್ಕಾರವು ತಾನೇ ಹೊತ್ತದ್ದರಿಂದ ಬೆಲೆ ತಗ್ಗಿತೆಂಬುದು ಇಲ್ಲಿಯ ಪಾಠ.

ಈ ವಿದ್ಯುತ್ ಕರಾರನ್ನು ಹಿಂದಿನ ಎರಡು ಮಾದರಿಗಳೊಡನೆ ಹೋಲಿಸಿದರೆ ಆಶ್ಚರ್ಯವಾದ ಒಂದು ಫಲವು ದೊರೆಯುತ್ತದೆ. ಆಯ್ಕೆಯ ಕ್ರಮದಲ್ಲಿ ಇದು ಟೆಂಡರಿನ ವಂಶದ್ದು. ಪ್ರತಿಫಲದ ಕ್ರಮದಲ್ಲಿ ದಸವಂದದ ವಂಶದ್ದು. ಫಲಕಗಳನ್ನು ನಿಲ್ಲಿಸಿದ ಮಾತ್ರಕ್ಕೆ ಕಂಪನಿಗೆ ಹಣವಿಲ್ಲ. ಯೂನಿಟ್ಟು ಹರಿದರೆ ಹಣ, ಹರಿಯದಿದ್ದರೆ ಇಲ್ಲ. ಆದ್ದರಿಂದ ೨೫ ವರ್ಷಗಳ ಕಾಲ ಧೂಳು ಒರೆಸಿ ಯಂತ್ರವನ್ನು ಸುಸ್ಥಿತಿಯಲ್ಲಿಡುವುದು ಅವನ ಸ್ವಂತ ಹಿತವಾಗುತ್ತದೆ. ಕೆರೆಯ ಕೆಳಗೆ ಗದ್ದೆಯನ್ನು ಪಡೆದವನು ಏರಿಯನ್ನು ಕಾಯುತ್ತಿದ್ದುದೂ ಇದೇ ಕಾರಣದಿಂದ. ಮರಾಮತ್ತಿನ ಕಂಟ್ರಾಕ್ಟಿನಲ್ಲಿ ಕಳೆದುಹೋಗಿದ್ದ ಒಂದು ಹಳೆಯ ವಿವೇಕವು ಇಲ್ಲಿ ತಿರುಗಿ ಬಂದಿದೆಯೆಂದು ಹೇಳಬಹುದು.

೬

ಆದರೆ ಪಾಲಿನ ಲೆಕ್ಕವನ್ನು ನೋಡದೆ ಹೋಲಿಕೆಯು ಪೂರ್ಣವಾಗುವುದಿಲ್ಲ. ೧೩,೦೦೦ ಎಕರೆಯನ್ನು ೨,೦೫೦ ಮೆಗಾವಾಟಿಗೆ ಹಂಚಿದರೆ ಮೆಗಾವಾಟೊಂದಕ್ಕೆ ಆರು ಎಕರೆ ಹದಿಮೂರು ಗುಂಟೆಯಷ್ಟು ನೆಲ ಬೀಳುತ್ತದೆ. ಮೊದಲ ದರದಲ್ಲಿ ಅದರ ಗುತ್ತಗೆ ವರ್ಷಕ್ಕೆ ಸುಮಾರು ೧,೩೩,೦೦೦ ರೂಪಾಯಿ. ಯಂತ್ರವು ತನ್ನ ಪೂರ್ಣ ಸಾಮರ್ಥ್ಯದ ಐದನೆಯ ಒಂದು ಪಾಲು ದುಡಿಯುವುದೆಂದು ಇಟ್ಟುಕೊಂಡರೆ ಒಂದು ಮೆಗಾವಾಟು ವರ್ಷಕ್ಕೆ ಕೊಡುವ ವಿದ್ಯುತ್ತು ೧೭,೫೨,೦೦೦ ಯೂನಿಟ್ಟು. ೨ ರೂಪಾಯಿ ೮೫ ಪೈಸೆಯಂತೆ ಅದರ ಬೆಲೆ ಸುಮಾರು ೫೦ ಲಕ್ಷ. ೪ ರೂಪಾಯಿ ೭೯ ಪೈಸೆಯಂತೆ ಸುಮಾರು ೮೪ ಲಕ್ಷ. ಹೀಗೆ ಹುಟ್ಟುವಳಿಯಲ್ಲಿ ನೆಲದ ಪಾಲು ಮೊದಲನೆಯದರಲ್ಲಿ ಮೂವತ್ತೇಳರಲ್ಲೊಂದಕ್ಕೆ ಸಮೀಪ, ಎರಡನೆಯದರಲ್ಲಿ ಅರುವತ್ತಮೂರರಲ್ಲೊಂದು. ದಸವಂದದಲ್ಲಿ ಕಟ್ಟಿದವನಿಗೆ ಹತ್ತರಲ್ಲೊಂದು, ಉಳಿದ ಒಂಬತ್ತು ನೆಲದ ಕಡೆಗೆ. ಇಲ್ಲಿ ಕಟ್ಟಿದವನ ಬಂಡವಾಳವು ಕೆರೆಯ ಮಣ್ಣುಕೆಲಸಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಹುಟ್ಟುವಳಿಯೂ ನೆಲದ ಸತ್ತ್ವದಿಂದ ಬಂದುದಲ್ಲ, ಬಿಸಿಲಿನಿಂದ ಬಂದುದು ಎಂಬುದನ್ನು ಮರೆಯದೆಯೇ ಈ ಅಂಕಿಗಳನ್ನು ಓದಬೇಕು. ಆದರೂ ನೆಲದವನ ಸ್ಥಾನವು ಪಾಲುದಾರನದಾಗಿ ಉಳಿಯದೆ ಬಾಡಿಗೆ ಪಡೆಯುವವನದಾಯಿತೆಂಬುದು ಅಂಕಿಗಳಿಂದ ಸ್ಪಷ್ಟವಾಗುತ್ತದೆ.

ಏರಿಕೆಯ ವಿಧಿಯನ್ನೂ ಪರಿಶೀಲಿಸಬಹುದು. ಎರಡು ವರ್ಷಕ್ಕೆ ನೂರಕ್ಕೆ ಐದರಂತೆ, ಹಿಂದಿನ ಮೊತ್ತದ ಮೇಲೆ ಎಣಿಸುತ್ತ ಹೋದರೆ, ಕೊನೆಯ ಎರಡು ವರ್ಷಗಳಲ್ಲಿ ಎಕರೆಯ ಗುತ್ತಗೆ ಸುಮಾರು ೩೯,೬೦೦ ರೂಪಾಯಿಯಾಗುತ್ತದೆ. ಭಾರತೀಯ ರಿಜರ್ವ್ ಬ್ಯಾಂಕು ೨೦೧೬ರಿಂದ ಇಟ್ಟುಕೊಂಡ ಗುರಿಯಂತೆ ವಸ್ತುಗಳ ಬೆಲೆ ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಏರಿದರೆ, ಮೊದಲ ವರ್ಷದ ೨೧,೦೦೦ ರೂಪಾಯಿಗೆ ಸರಿದೂಗ‌ಲು ಆಗ ಬೇಕಾಗುವುದು ೫೮,೦೦೦ಕ್ಕೂ ಹೆಚ್ಚು. ಎಂದರೆ ಗುತ್ತಗೆಯ ನಿಜವಾದ ಬೆಲೆಯು ಮೂರರಲ್ಲಿ ಎರಡು ಪಾಲಿಗೆ ಇಳಿದಿರುತ್ತದೆ. ಶ್ರಾಯದಲ್ಲಿ ಮೆಟ್ಟಿಲುಗಳು ಸರ್ಕಾರವನ್ನು ಪೂರ್ತಿ ಕಂದಾಯದವರೆಗೆ ಏರಿಸುತ್ತಿದ್ದವು. ಇಲ್ಲಿ ಮೆಟ್ಟಿಲುಗಳು ರೈತನನ್ನು ಏರಿಸುವಂತೆ ಕಂಡರೂ ನೆಲವೇ ಅದಕ್ಕಿಂತ ವೇಗವಾಗಿ ಕುಸಿಯುತ್ತಿರುತ್ತದೆ. ಕಂಪನಿಯ ಕರಾರಿನಲ್ಲಿ ಕಾನೂನಿನ ಬದಲಾವಣೆಯಿಂದಾಗುವ ವೆಚ್ಚಕ್ಕೆ ಪರಿಹಾರದ ವಿಧಿಯುಂಟು. ೨೦೧೭ರ ಜುಲೈ ೧ರಿಂದ ಬಂದ ಸರಕು ಮತ್ತು ಸೇವಾ ತೆರಿಗೆ, ೨೦೧೮ರ ಜುಲೈ ೩೦ರಿಂದ ಹೊರನಾಡಿನ ಫಲಕಗಳ ಮೇಲೆ ಬಿದ್ದ ನೂರಕ್ಕೆ ೨೫ರ ರಕ್ಷಣಾ ಸುಂಕ, ಇಂಥವುಗಳ ವಿಷಯದಲ್ಲಿ ಸೌರವಿದ್ಯುತ್ ಕಂಪನಿಗಳು ಆ ವಿಧಿಯ ಆಶ್ರಯದಲ್ಲಿ ಆಯೋಗಗಳ ಮುಂದೆ ಹೋಗುವಂತಾಯಿತು. ರೈತನ ಪಾಲಿಗೆ ಮುಂದಿನ ಕಾಲದ ಅನಿಶ್ಚಯಕ್ಕೆಲ್ಲ ಪರಿಹಾರವೆಂದರೆ ಆ ನೂರಕ್ಕೆ ಐದು.

ಇನ್ನು ಷರತ್ತು ಪದ್ಧತಿಯ ವಿಚಾರದಲ್ಲಿ ಹೇಳಿದ ಮೂರನೆಯವನ ಮಾತು. ಗುತ್ತಗೆಯ ಹಣವು ಖಾತೆದಾರನಿಗೆ ಸಲ್ಲುತ್ತದೆ. ಖಾತೆಯಿಲ್ಲದೆ ಉಳುತ್ತಿದ್ದವನಿಗೂ, ಕಳೆ ಕೀಳಲು ಕಾಯಿ ಬಿಡಿಸಲು ಕೂಲಿಗೆ ಹೋಗುತ್ತಿದ್ದವಳಿಗೂ, ಬೀಳುನೆಲದಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಎರಡು ಕರಾರುಗಳಲ್ಲಿ ಒಂದರಲ್ಲಿಯೂ ಹೆಸರಿಲ್ಲ. ಆ ನೆಲವು ಬೇಸಾಯವನ್ನು ಬಿಟ್ಟಾಗ ಕಂಪನಿಗೆ ದರ ಗೊತ್ತಾಗಿತ್ತು, ಖಾತೆದಾರನಿಗೆ ಗುತ್ತಗೆ ಗೊತ್ತಾಗಿತ್ತು, ಕೂಲಿಯವರಿಗೆ ಮಾತ್ರ ಹೋಗಬೇಕಾದ ದಾರಿ ಗೊತ್ತಾಗಿರಲಿಲ್ಲ. ಕಾವಲು, ಫಲಕ ಒರೆಸುವುದು, ಹುಲ್ಲು ತೆಗೆಯುವುದು ಮುಂತಾದ ಕೆಲಸಗಳು ಕೆಲವರಿಗೆ ದೊರೆತರೂ, ಬಿತ್ತನೆಯಿಂದ ಒಕ್ಕಣೆಯವರೆಗೆ ಊರನ್ನೇ ಹಿಡಿದಿದ್ದ ದುಡಿಮೆಗೆ ಅವು ಸಮವಾಗಲಾರವು. ಹಳೆಯ ಕೊಡಗೆಯ ಲೋಕದಲ್ಲಿ ಇವರಿಗೆ ನ್ಯಾಯವಿತ್ತೆಂದು ಭಾವಿಸಲು ಆಧಾರವಿಲ್ಲ. ಪೋರುಮಾಮಿಳ್ಳದ ಏರಿಗೆ ದಿನವೂ ಮಣ್ಣು ಹೊತ್ತ ಸಾವಿರ ಆಳುಗಳಲ್ಲಿ ಒಬ್ಬನ ಹೆಸರೂ ಆ ಶಾಸನದಲ್ಲಿಲ್ಲ. ಆದರೆ ಕೆರೆ ತುಂಬಿದ ಮೇಲೆ ಗದ್ದೆಯ ಕೆಲಸವು ಅವರನ್ನು ಮತ್ತೆ ಕರೆಯುತ್ತಿತ್ತು. ಫಲಕವು ನಿಂತ ಮೇಲೆ ಕರೆಯುವುದು ಬಹು ಕಡಮೆ.

೭

ಮೇಲಿನ ಸಂಗತಿಗಳಿಂದ ಮೂರು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಕೆಲಸಕ್ಕೆ ತಕ್ಕವನನ್ನು ಆಯುವ ಕ್ರಮವು ಕಾಲಕ್ರಮದಲ್ಲಿ ಬೆಳಕಿಗೆ ಬಂದಿದೆ: ಪ್ರಭುವಿನ ಅನುಗ್ರಹದಿಂದ ಹರಾಜಿನ ಕಟ್ಟೆಗೆ, ಅಲ್ಲಿಂದ ಮುಚ್ಚಿದ ಲಕೋಟೆಗೆ, ಅಲ್ಲಿಂದ ಎಲ್ಲರೂ ನೋಡಬಹುದಾದ ಸ್ಪರ್ಧೆಗೆ. ಎರಡನೆಯದಾಗಿ, ಪ್ರತಿಫಲವನ್ನು ಕೆಲಸದ ಬಾಳಿಕೆಯೊಡನೆ ಕಟ್ಟಿಹಾಕುವ ವಿವೇಕವು ಹೊಸದಲ್ಲ. ದಸವಂದದಲ್ಲಿ ಇದ್ದುದು ಕಂಟ್ರಾಕ್ಟಿನಲ್ಲಿ ಮರೆಯಾಗಿ ಯೂನಿಟ್ಟಿನ ಕರಾರಿನಲ್ಲಿ ಪುನಃ ತೋರಿದೆ. ಮೂರನೆಯದಾಗಿ, ಅಪಾಯವನ್ನು ಯಾರು ಹೊರಬೇಕೆಂಬುದನ್ನು ಗೊತ್ತುಮಾಡುವಲ್ಲಿ, ಕರಾರಿನ ಮೇಜಿನ ಬಳಿ ಕುಳಿತು ಮಾತನಾಡಬಲ್ಲ ಪಕ್ಷವು ತನ್ನನ್ನು ಕಾಪಾಡಿಕೊಳ್ಳುತ್ತದೆ, ಮಾತನಾಡಲಾರದವನು ಉಳಿದುದನ್ನು ಹೊರುತ್ತಾನೆ ಎಂಬುದು ೧೮೩೦ರಲ್ಲಿ ಹೇಗೋ ಇಂದೂ ಬಹುಮಟ್ಟಿಗೆ ಹಾಗೆಯೇ ಇದೆ.

ಗುತ್ತಗೆಯ ಅವಧಿಯು ಈ ಶತಮಾನದ ಐದನೆಯ ದಶಕದಲ್ಲಿ ಮುಗಿಯುವುದು. ಆಗ ಬದುಗಳನ್ನು ಕಳೆದುಕೊಂಡು ಒಂದಾಗಿ ಹೋಗಿರುವ ನೆಲವನ್ನು ಪ್ರತಿಯೊಬ್ಬನ ಖಾತೆಯಂತೆ ಬಿಡಿಸಿ ಕೊಡಬೇಕಾಗುತ್ತದೆ. ಫಲಕಗಳನ್ನೂ ಕಾಂಕ್ರೀಟನ್ನೂ ತೆಗೆಯಬೇಕಾಗುತ್ತದೆ. ಇಲ್ಲವೆ ಹೊಸ ಕರಾರನ್ನು ಬರೆಯಬೇಕಾಗುತ್ತದೆ. ಅದನ್ನು ಬರೆಯುವವರಿಗೆ ದಸವಂದವು ಹತ್ತರಲ್ಲೊಂದು ಎಂಬ ಪಾಲಿನ ಭಾವವನ್ನೂ, ಶ್ರಾಯವು ಪೂರ್ಣದರದವರೆಗೆ ಏರುವ ಮೆಟ್ಟಿಲಿನ ಭಾವವನ್ನೂ ಒದಗಿಸಬಲ್ಲವು. ಎರಡೂ ಈ ಸೀಮೆಯ ಮಾತುಗಳೇ. ಕ್ಯಾತಗಾನಚೆರ್ಲುವಿಗೆ ಹೆಸರನ್ನು ಕೊಟ್ಟಂತೆ ತೋರುವ ಆ ಹಳೆಯ ಕೆರೆಯೂ ಇಂಥ ಮಾತುಗಳ ಲೋಕಕ್ಕೆ ಸೇರಿದ್ದು.